ಮೊದಲ ಕೈ

ಹಳೆಯ ಗಾರೆ ಉದುರಿಸಿದ ಮೇಲೆ
ಗೋಡೆ ಒಂದಿಡೀ ದಿನ ಸುಮ್ಮನೆ ನಿಂತಿತ್ತು,
ಕ್ಷೌರದಂಗಡಿಯಿಂದ ಎದ್ದು ಬಂದವನ ಹಾಗೆ,
ತನ್ನ ಕಿವಿ ತಾನೇ ಮುಟ್ಟಿ ನೋಡಿಕೊಳ್ಳುತ್ತ.

ರೆಕ್ಸಮ್ಮಿನ ಫೆಬ್ರವರಿ. ಕಿಟಕಿಗೆ ಗೋಣಿ ಹೊದಿಸಿದ್ದೇವೆ,
ಹಿಮ ಬಡಿದರೆ ಸುಣ್ಣ ಕೆಡುತ್ತದೆಂದು.
ನೂರಾ ಮೂವತ್ತು ವರ್ಷದ ಇಟ್ಟಿಗೆ; ಒಂದರ ಮೇಲೆ ಬೆಕ್ಕಿನ ಪಾದ,
ಹಸಿಯಿದ್ದಾಗಲೇ ತುಳಿದು ಹೋದದ್ದು. ಎಲ್ಲಿಗೆ ಅವಸರವೋ.

"ಮೊದಲು ನೀರು ಕುಡಿಸು" ಅಂದ ಗೆಥಿನ್ ಪ್ರೊಬರ್ಟ್.
ಮೂವತ್ತೊಂದು ವರ್ಷ ಇದೇ ಕಸುಬು,
ಬಲ ಭುಜ ಎಡದಕ್ಕಿಂತ ಎರಡು ಬೆರಳು ಕೆಳಗೆ.
"ಬಾಯಾರಿದ ಇಟ್ಟಿಗೆಗೆ ಗಾರೆ ಕೊಟ್ಟೆಯೋ,
ರಸವನ್ನೆಲ್ಲ ಹೀರಿ ಪುಡಿ ವಾಪಸು ಕೊಡುತ್ತದೆ,
ಸಾಲ ಇಸಕೊಂಡ ಭಾವಮೈದುನನ ಹಾಗೆ."

ಕುಂಚ ಅದ್ದಿ ಅದ್ದಿ ಹೊಡೆದೆ.
ಕುಡಿಯಿತು. ಸದ್ದು ಮಾಡಿ ಕುಡಿಯಿತು. ಇನ್ನೂ ಎಂದಿತು.
ನಡುವೆ ಮಾತ್ರ ಒಂದಿಷ್ಟು ಬೇರೆ ಕೆಂಪು,
ಆಳೆತ್ತರ, ಮೂರಡಿ ಅಗಲ,
ಅಲ್ಲಿ ನೀರು ಒಳಗಿಳಿಯದೆ ಜಾರಿತು.

"ಬಾಗಿಲು" ಅಂದ ಅವನು, ತಿರುಗಿಯೂ ನೋಡದೆ.
"ಯಾರೋ ಮುಚ್ಚಿದ್ದಾರೆ."
ಆಚೆ ಮನೆಯಲ್ಲಿ ಯಾರೋ ಚಮಚ ಬೀಳಿಸಿದರು.

ಸುಣ್ಣ, ಮರಳು, ಹಿಡಿಯಷ್ಟು ಮೇಕೆ ಕೂದಲು,
ಹಲಗೆಯಿಂದ ಕರಣೆಗೆ, ಕರಣೆಯಿಂದ ಗೋಡೆಗೆ.
ನನ್ನದು ಅರ್ಧ ನೆಲಕ್ಕೆ.
ಒತ್ತು ಮೊಣಕೈಯಿಂದಲ್ಲ, ಹಿಮ್ಮಡಿಯಿಂದ ಬರಬೇಕಂತೆ;
ಅದು ತಿಳಿಯುವಷ್ಟರಲ್ಲಿ ಮಧ್ಯಾಹ್ನ.
ಬೆಕ್ಕಿನ ಪಾದವನ್ನು ಮುಚ್ಚಿದ್ದು ನಾನೇ.
ಸ್ವಲ್ಪ ತಡೆದೆ. ಅವನು ಕೆಮ್ಮಿದ.

ಸಂಜೆ ಮೊಳೆ ಬಡಿದ ಹಲಗೆ ಹಿಡಿದು ಗೀರು ಎಳೆದೆವು,
ದಿನವಿಡೀ ಸಮ ಮಾಡಿದ್ದನ್ನು ಪರಚಿ ಪರಚಿ.
ನನ್ನ ಮುಖ ನೋಡಿ ನಕ್ಕ:
"ನುಣ್ಣಗಿದ್ದರೆ ಎರಡನೆಯ ಕೈ
ಎಲ್ಲಿ ಹಿಡಿದುಕೊಳ್ಳಬೇಕು, ಮಾರಾಯ್ತಿ?"

ಗುರುವಾರ ಬಂದು ನೋಡಿದರೆ
ಸುತ್ತಲೂ ಬೆಳ್ಳಗೆ ಒಣಗಿದೆ,
ನಡುವೆ ಬಾಗಿಲೊಂದು ಎದ್ದು ನಿಂತಿದೆ, ಒದ್ದೆ ಬೂದು,
ಮೇಲಿನ ಕಮಾನು ಸಮೇತ.
ಚಹಾ ತಂದ ಮಿಸೆಸ್ ಕಾಡ್ವಾಲಡರ್
ಟ್ರೇ ಹಿಡಿದೇ ನಿಂತಳು.
"ಇದು ಹೀಗೇ ಉಳಿಯುತ್ತದಾ?"

"ಇಲ್ಲ. ಭಾನುವಾರದೊಳಗೆ ಹೋಗುತ್ತದೆ."
ಅವನು ಕರಣೆ ತೊಳೆಯುತ್ತಿದ್ದ.

ಅವಳು ಟ್ರೇಯನ್ನು ಮೂಟೆಯ ಮೇಲಿಟ್ಟು ಹತ್ತಿರ ಹೋದಳು.
ಗೀರಿಗೆ ತಾಗದಷ್ಟು ದೂರದಲ್ಲಿ,
ಚಿಲಕ ಇದ್ದಿರಬಹುದಾದ ಎತ್ತರದಲ್ಲಿ
ಕೈ ಹಾಗೇ ನಿಂತಿತು.
ಚಹಾ ಆರುತ್ತಿತ್ತು. ನಾವು ಏನೂ ಅನ್ನಲಿಲ್ಲ.