ಮೂರು ಸಾಲಿನ ಫಲಕ

ಸೋಮವಾರ ಬೆಳಗಿನ ಆರು ಗಂಟೆ,
ಸಸ್ಕ್ಯಾಚುವಾನಿನ ಬಯಲು, ಮೈನಸ್ ಮೂವತ್ತೊಂದು.
ಸೋರೆಲ್ ಫ್ಲಾಟ್ ಹೈಸ್ಕೂಲಿನ ಮುಂದೆ ಏಣಿ ಒರಗಿಸಿ
ಹೋದ ವಾರದ ಸಂತೋಷಗಳನ್ನು
ಒಂದೊಂದಾಗಿ ಕೀಳುತ್ತೇನೆ.

ನೆಲ ಒರೆಸುವುದು, ಬಾಯ್ಲರು, ಹಿಮ ಎತ್ತುವುದು,
ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ.
ಊರಿಗೆ ಸುದ್ದಿ ಹೇಳುವುದೂ ನನ್ನದೇ
ಅಂತ ಯಾವ ಕಾಗದದಲ್ಲೂ ಬರೆದಿಲ್ಲ.

ಮೂರು ಸಾಲು. ಸಾಲಿಗೆ ಹದಿನೆಂಟು ಅಕ್ಷರ.
ಆಫೀಸಿನ ಮಿಸೆಸ್ ಯಾರೆಮ್ಕೊ ಚೀಟಿ ಕೊಡುತ್ತಾಳೆ.
ಡಬ್ಬಿಯಲ್ಲಿ ಇರುವುದು ನಾಲ್ಕು ಎ, ಒಡೆದ ಒಂದು ಕೆ;
ಡಬ್ಲ್ಯು ಇಲ್ಲವೇ ಇಲ್ಲ, ಎಂ ತಲೆಕೆಳಗಾಗಬೇಕು.
ಇ ಮುಗಿದರೆ ಮೂರನ್ನು ಮಗುಚುತ್ತೇನೆ,
ಎಸ್ ಮುಗಿದರೆ ಐದು ಇದೆ.
ಲಾರಿಯಲ್ಲಿ ಹಾದುಹೋಗುವವರಿಗೆ ಅಷ್ಟು ಸಾಕು;
ಊರಿನವರಿಗೆ ಸುದ್ದಿ ಮೊದಲೇ ಗೊತ್ತು.

ಮರಿಸೆಲ್ ದಿಮಾಕುಲಂಗನ್ ರಸಾಯನಶಾಸ್ತ್ರದಲ್ಲಿ ನೂರಕ್ಕೆ ನೂರು.
ಆ ಹೆಸರೊಂದಕ್ಕೇ ನನ್ನ ನಾಲ್ಕೂ ಎ ಖರ್ಚು.
ಅವಳಪ್ಪ ಪೆಟ್ರೋಲ್ ಬಂಕಿನಿಂದ ಓಡಿ ಬಂದು
ಕೈಗವಸಿಲ್ಲದ ಕೈಯಲ್ಲಿ ಹನ್ನೊಂದು ಫೋಟೋ ತೆಗೆದ.
ಎಲ್ಲದರಲ್ಲೂ ನನ್ನ ಬೂಟು ಬಂದಿದೆಯಂತೆ,
ಬತಾಂಗಾಸಿನ ಅಜ್ಜಿ ಕೇಳಿದಳಂತೆ, ಆ ಬೂಟು ಯಾರದು?

ಬಸ್ಸಿನ ವಾಲ್ಡೋ ನಿವೃತ್ತನಾದಾಗ
ಥ್ಯಾಂಕ್ಸ್ ಅನ್ನಲು ಒಡೆದ ಕೆ ಸಾಲದೆ ಹೋಯಿತು, ಆದರೂ ಅಂದೆವು.
ಚರ್ಚಿನ ನೆಲಮಾಳಿಗೆಯಲ್ಲಿ ಟರ್ಕಿ ಊಟ, ತಟ್ಟೆಗೆ ಹನ್ನೆರಡು ಡಾಲರ್,
ದುಡ್ಡು ಬ್ಯಾಂಡಿನ ಹೊಸ ಕಹಳೆಗೆ.

ಸೋಲಿಗೆ ಚೀಟಿ ಬರುವುದಿಲ್ಲ.
ಹಾಕಿ ತಂಡ ಒಂಬತ್ತು ಸಲ ಸೋತಿತು,
ಒಂಬತ್ತು ಸಲವೂ ಫಲಕ ಹೇಳಿದ್ದು:
ನಿಧಾನವಾಗಿ ಓಡಿಸಿ, ಮಕ್ಕಳಿದ್ದಾರೆ.

ಇವತ್ತಿನದು ದೊಡ್ಡ ಚೀಟಿ.
ಕರ್ಲಿಂಗ್ ಹುಡುಗಿಯರು ಇಡೀ ಪ್ರಾಂತ್ಯಕ್ಕೆ ಎರಡನೆಯವರು.
ಜೋಲೀನ್ ವೈಟ್‌ಕಾಫ್ ಕೊನೆಯ ಕಲ್ಲು ಬಿಟ್ಟಾಗ
ರಿಂಕಿಗೆ ರಿಂಕೇ ಉಸಿರು ಹಿಡಿದಿತ್ತು,
ಮಂಜುಗಡ್ಡೆಯ ಮೇಲೆ ಪೊರಕೆಗಳ ಸರಸರ ಮಾತ್ರ.
ನಾನೂ ಪೊರಕೆಯವನೇ. ಆ ಬೆನ್ನುನೋವು ಗೊತ್ತು.

ಕೆಳಗೆ ಏಣಿ ಹಿಡಿದವನು ರಾಯ್ಸ್.
ಗಣಿತಕ್ಕೆ ಮೂರನೆಯ ಸಲ ಕೂತವನು.
ಬೇಗ ಬರುತ್ತಾನೆ, ಮನೆಗಿಂತ ಬಾಯ್ಲರ್ ಕೋಣೆ ಬೆಚ್ಚಗೆ;
ಯಾಕೆಂದು ನಾನು ಕೇಳಿಲ್ಲ.
"ಐವತ್ತೊಂದು," ಅಂದ ತಾನಾಗಿ, ಬೂಟಿಂದ ಹಿಮ ಒದೆಯುತ್ತ,
"ಪಾಸಂತೂ ಪಾಸು."
ಆಮೇಲೆ ಏಣಿಯನ್ನು ನೋಡಿದ, ಅದೇ ಮಾತಾಡಿತೇನೋ ಎಂಬಂತೆ.
ನಾನು ಶಹಬ್ಬಾಸ್ ಅನ್ನಲಿಲ್ಲ. ತುಟಿ ಮರಗಟ್ಟಿತ್ತು.
ಅಥವಾ ಅದು ನೆಪ.

ಫಲಕಕ್ಕೆ ಹಿಂಬದಿಯೂ ಇದೆ.
ಗೋಧಿ ಹೊಲದ ಕಡೆ ಮುಖ; ಈಗ ಬರೀ ಬಿಳಿ.
ಅತ್ತ ಓದುವವರಿಲ್ಲ, ದಿನಕ್ಕೊಂದು ಗೂಡ್ಸು ರೈಲು ಬಿಟ್ಟರೆ.
ಹುಡುಗ ಒಳಗೆ ಹೋದ ಮೇಲೆ ಏಣಿಯನ್ನು ಆಚೆ ಸಾಗಿಸಿದೆ.
ಐದು ಬೇಕಿತ್ತು.
ಇದ್ದೊಂದು ಐದು ಮುಂದುಗಡೆ
ಹುಡುಗಿಯರ ಕೊನೆಗೆ ಎಸ್ ಆಗಿ ನಿಂತಿತ್ತು.
ಕಿತ್ತೆ.
ಈಗ ಪ್ರಾಂತ್ಯಕ್ಕೆ ಎರಡನೆಯವಳು ಒಬ್ಬಳೇ ಹುಡುಗಿ,
ಹಿಂದುಗಡೆ ಒಂದು ಆರ್, ಒಂದು ಐದು, ಒಂದು ಒಂದು.

ಹತ್ತು ಗಂಟೆಗೆ ಪ್ರಿನ್ಸಿಪಾಲ್ ಕಿಟಕಿ ತೋರಿಸಿ ಕೇಳಿದರು.
"ಗಾಳಿ," ಅಂದೆ.
ಬಾವುಟ ಕಂಬಕ್ಕೆ ಅಂಟಿಕೊಂಡು ಸುಮ್ಮನಿತ್ತು.

ಊಟದ ಹೊತ್ತಿಗೆ ಜೋಲೀನ್ ಬಂದಳು:
"ಉಳಿದ ಮೂವರು ಎಲ್ಲಿ?"
ಹೊಲದ ಕಡೆ ಗಲ್ಲ ಆಡಿಸಿದೆ.
ಹೋದಳು, ಮೊಣಕಾಲುದ್ದದ ಹಿಮದಲ್ಲಿ; ನಿಂತಳು; ಬಂದಳು.
ಏನೂ ಅನ್ನದೆ ಪೊರಕೆಗೆ ಸುತ್ತುವ ಕಪ್ಪು ಟೇಪಿನ ಸುರುಳಿಯನ್ನು
ನನ್ನ ಬಕೆಟ್ಟಿನಲ್ಲಿ ಹಾಕಿ ಹೋದಳು.
ಅದರಿಂದ ಮಾಡಿದ ಎಸ್ ಸ್ವಲ್ಪ ಸೊಟ್ಟ.

ಎರಡೂ ನಲವತ್ತಕ್ಕೆ ಗೂಡ್ಸು ರೈಲು ಗೇಟಿನ ಬಳಿ ಕೂಗಿತು.
ದಿನವೂ ಕೂಗುತ್ತದೆ, ಅದು ನಿಯಮ.
ನಾನು ಕಾರಿಡಾರಿನಲ್ಲಿ ಪೊರಕೆ ನಿಲ್ಲಿಸಿ
ಪೂರ್ತಿ ಕೇಳಿಸಿಕೊಂಡೆ.