ಸೀಸದ ಮುದ್ರೆ

ಮೊದಲ ವರ್ಷ ನಿಯಮ ಅಂದರೆ ಒಂದು ಹಾಳೆ,
ಅದೂ ಒಂದೇ ಮಗ್ಗುಲು:
ಹೆಲ್ಮೆಟ್ಟಿರಲಿ, ಬ್ರೇಕು ಹಿಡಿಯಲಿ,
ಉಳಿದದ್ದು ನಿಮ್ಮ ಕೈಚಳಕ.
ಕುಂಸಿಯಾಚೆಯ ಗುಡ್ಡಕ್ಕೆ, ಹದಿನಾಲ್ಕು ತಿರುವಿನ ಕೆಮ್ಮಣ್ಣಿಗೆ
ಮೂವತ್ತೊಂದು ಕಾರು ಬಂದವು.
ತೂಗಿ, ತಡವಿ, ಸರಿ ಅನ್ನುವ ಕೆಲಸ ನನ್ನದು,
ಐಟಿಐಯಲ್ಲಿ ಫಿಟ್ಟರ್ ಪಾಠ ಹೇಳಿದ ತಪ್ಪಿಗೆ.

ಭದ್ರಾವತಿಯ ಸೆಲ್ವಂ
ಗುಜರಿಯಿಂದ ಕೆಜಿ ಲೆಕ್ಕಕ್ಕೆ ತಂದ ಇಂಜಿನ್ನಿನ
ಹೆಡ್ಡನ್ನು ಅರ್ಧ ನೂಲು ಕೆರೆದು,
ಪಿಸ್ಟನ್ನನ್ನು ತನ್ನ ಲೇತಿನಲ್ಲೇ ಹಗುರ ಮಾಡಿ
ಎಲ್ಲರಿಗಿಂತ ಮೂರು ಸೆಕೆಂಡು ಮೊದಲು ಗುಡ್ಡ ಹತ್ತಿದ್ದ.
ಬಹುಮಾನದ ಚೆಕ್ಕಿನ ಮೇಲೆ ಅವನ ಹೆಬ್ಬೆರಳಿನ ಗ್ರೀಸು;
ಬ್ಯಾಂಕಿನವರು ಒಂದು ಸಲ ವಾಪಸು ಕಳಿಸಿದರಂತೆ.

ಮರುವರ್ಷ
ಕ್ರಷರ್ ಮಾಲೀಕರ ಮಗ ಪ್ರಜ್ವಿತನ ಗೇರ್‌ಬಾಕ್ಸು
ಮರದ ಪೆಟ್ಟಿಗೆಯಲ್ಲಿ, ಬಾಣಂತಿ ಕೋಣೆಯ ಕೂಸಿನಂತೆ
ಸುತ್ತಿಸಿಕೊಂಡು ಕಡಲು ದಾಟಿ ಬಂತು.
ಅದರ ಬಿಲ್ಲಿನಲ್ಲಿ ಸೆಲ್ವಂನ ಶೆಡ್ಡು, ಲೇತು,
ತಂಗಿಯ ಮದುವೆ ಮೂರೂ ಮುಗಿದು
ಚಿಲ್ಲರೆ ಮಿಗುತ್ತಿತ್ತು.
ತಪ್ಪು ಹುಡುಕೋಣವೆಂದು ನಿಯಮದ ಹಾಳೆ ಮಗುಚಿದೆ.
ಹಿಂಬದಿ ಖಾಲಿ.

ಹತ್ತೊಂಬತ್ತಾಯಿತು. ಏಳಾಯಿತು.
ಆಮೇಲೆ ಮೂರೇ ಕಾರು, ಎರಡು ಅವನವೇ.
ಗೆದ್ದು ಇಳಿದು ಬಂದವನ ಮುಖ
ಎಲೆ ಹಾಕಿಸಿಕೊಂಡು ಕೂತ ಮೇಲೆ
ಪಂಕ್ತಿಯಲ್ಲಿ ತಾನೊಬ್ಬನೇ ಎಂದು ಗೊತ್ತಾದವನ ಮುಖ.

ಗೋಪಿ ಸರ್ಕಲ್ಲಿನ ಹೋಟೆಲಿನ ಮಹಡಿಯಲ್ಲಿ ಸೇರಿ
ಜಗಳಾಡಿ, ಕಾಫಿ ಕುಡಿದು, ನಲವತ್ತೆರಡು ಪುಟ ಬರೆದೆವು.
ಒಂದೇ ಇಂಜಿನ್ನು, ಒಂದೇ ಟೈರು, ಖರ್ಚಿಗೊಂದು ಮಿತಿ.
ಬೋಲ್ಟಿಗೆ ತಂತಿ ಪೋಣಿಸಿ
ಸೀಸದ ಗುಂಡು ಕಚ್ಚಿಸಿ ಮುದ್ರೆ ಒತ್ತಿದೆ, ಇಪ್ಪತ್ತೆಂಟು ಸಲ.
ಮೊದಲನೆಯವನಿಗೂ ಒಂಬತ್ತನೆಯವಳಿಗೂ
ಎರಡು ಸೆಕೆಂಡಿನ ಅಂತರ!
ಜನ ಮರ ಹತ್ತಿ ನೋಡಿದರು.

ನಿಜ ಹೇಳಬೇಕು:
ಆಗಲೂ ಗೆದ್ದವನು ಪ್ರಜ್ವಿತನೇ.
ಕೊಯಮತ್ತೂರಿನಲ್ಲಿ ಟ್ರ್ಯಾಕು ಬಾಡಿಗೆ ಹಿಡಿದು ನಲವತ್ತು ದಿನ
ಅದೇ ಕಾರು, ಅದೇ ಟೈರು, ಸವೆಸಿ ಸವೆಸಿ ಕಲಿತಿದ್ದ.
ಅಭ್ಯಾಸಕ್ಕೆ ಮುದ್ರೆ ಒತ್ತುವುದು ಎಲ್ಲಿ?

ಸೆಲ್ವಂ ಹದಿಮೂರನೆಯವ.
ಬಾನೆಟ್ಟು ಎತ್ತಿದವನು
ಪರರ ಮನೆಯ ಕಿಟಕಿ ಇಣುಕಿದಂತೆ ತಟ್ಟನೆ ಮುಚ್ಚಿದ.
‘ಇದರಲ್ಲಿ ನನಗೇನು ಕೆಲ್ಸ ಸಾರ್?
ಸ್ಟೀರಿಂಗ್ ಹಿಡಿಯೋದಷ್ಟೇನಾ?’
ಗ್ರೀಸಿನ ಕಲೆಯಿಲ್ಲದ ಕೈಗಳೆರಡೂ ತೊಡೆಯ ಮೇಲೆ.
ನನ್ನ ಹತ್ತಿರ ಉತ್ತರವಿರಲಿಲ್ಲ,
ಮಿಕ್ಕ ಮುದ್ರೆಯೊಂದಿತ್ತು.
ಇಸಕೊಂಡ. ಜೇಬಿನಿಂದ ಸೂಜಿ ತೆಗೆದ.
ತಂತಿ ಕಡಿಯದೆ, ಅಕ್ಷರ ಅಳಿಯದೆ
ನಾಲ್ಕೇ ನಿಮಿಷದಲ್ಲಿ ಬಿಚ್ಚಿ,
ಮತ್ತೆ ಮುಚ್ಚಿ, ನನ್ನ ಅಂಗೈಗಿಟ್ಟ.

ನಲವತ್ತಮೂರನೆಯ ಪುಟ ಬರೆಯಬೇಕಿತ್ತು ನಾನು.
ಪೆನ್ನು ಜೇಬಿನಲ್ಲೇ ಇತ್ತು.
ಇನ್ನೊಂದು ಸಲ ಮಾಡು, ಅಂದೆ.