ಹರಿಯಬೇಕಾದ ನೂಲು

ಕಡ್ಡಿಯಿಲ್ಲ, ಮೂಳೆಯಿಲ್ಲ, ಬಾಯೊಂದೇ ಇದೆ.
ಗಾಳಿ ಹೊಕ್ಕರೆ ಹೊಟ್ಟೆ, ಹೊಗದಿದ್ದರೆ ಬಟ್ಟೆ.
ಮಕ್ಕಳು ಹಾರಿಸಲೆಂದು ನಾನು ಹೊಲಿಯುತ್ತಿರುವ ಸೀಲ್ ಇದು,
ಮೀಸೆಗೆ ಕಪ್ಪು ದಾರ, ಕಣ್ಣಿಗೆ ಇನ್ನೂ ಏನೂ ಇಲ್ಲ.

ಇದಕ್ಕೆ ಮುಂಚೆ ಹಾಯಿ ಹೊಲಿದವಳು,
ಎಸ್‌ಬ್ಯರ್ಗ್ ಬಂದರಿನ ಮೂರನೇ ಗೋದಾಮಿನಲ್ಲಿ
ಇಪ್ಪತ್ತೆರಡು ವರ್ಷ. ಅಂಗೈ ಜಡ್ಡುಗಟ್ಟಿದೆ.
ಈಗ ಫಾನೊ ದ್ವೀಪದಲ್ಲಿ, ಸೈಕಲ್ಲು ನಿಲ್ಲಿಸುವ ಗೂಡಿನಲ್ಲಿ
ಒಂದು ಹೊಲಿಗೆ ಯಂತ್ರ, ಒಂದು ತಕ್ಕಡಿ.
ಗ್ರಾಮಿಗೆ ಗ್ರಾಮು ಲೆಕ್ಕ. ಮೀಸೆ ತೂಗಿದರೆ ಮೂರು ಗ್ರಾಮು:
ಅರ್ಧ ಮೀಸೆ ಕತ್ತರಿಸಿದೆ.

ಮೊದಲನೆಯದು ಮರಳ ಮೇಲೆ
ಕುಡುಕನಂತೆ ಮಗ್ಗುಲು ಬದಲಿಸಿತು, ಏಳಲಿಲ್ಲ.
ಎರಡನೆಯದು ಎದ್ದಿತು, ನೆಲಕ್ಕೆ ಮೂಗು ಗುದ್ದಿತು.
ಗಾಳಿ ಗುದ್ದಿ ಮೈ ನೋಯಿಸಿಕೊಳ್ಳಬೇಡ ಗುನ್ವೋರ್, ಎಂದ
ಪಕ್ಕದ ಮನೆಯ ಟೋರ್ಕಿಲ್, ಹೊಗೆಯಾಡಿಸಿದ ಮೀನು ಕೊಟ್ಟು.
ಮೂರನೆಯದರ ಬಾಯಿ ಎರಡು ಬೆರಳು ಹಿಗ್ಗಿಸಿದೆ.
ನಾಲ್ಕನೆಯದರ ಬಾಲಕ್ಕೆ, ರೋಸಿಹೋಗಿ, ಒಂದು ತೂತು ಕೊರೆದೆ.
ಕೊರೆದದ್ದೇ ತಡ, ಬಾಲ ಆಡಿತು!
ಒಳಬಂದದ್ದು ಒಂಚೂರಾದರೂ ಹೊರಹೋಗಬೇಕು ನೋಡಿ,
ಇಲ್ಲದಿದ್ದರೆ ಉಬ್ಬಿ ಕೂತುಬಿಡುತ್ತದೆ
ನಮ್ಮ ಪುರಸಭೆಯ ಅಧ್ಯಕ್ಷರ ಹಾಗೆ.

ಒಂಬತ್ತನೆಯದನ್ನು ಟೋರ್ಕಿಲನ ಮೊಮ್ಮಗಳ ಕೈಗೆ ಕೊಟ್ಟೆ.
ಆಲ್ವಿಲ್ಡ, ಆರು ವರ್ಷ, ಹತ್ತೊಂಬತ್ತು ಕಿಲೊ,
ಮುಂದಿನ ಎರಡು ಹಲ್ಲಿಲ್ಲ.
ಸೀಲ್ ಏರಿತು. ಏರಿದ ಸೀಲನ್ನು
ಮರಳ ದಿಣ್ಣೆಯ ನಿಜದ ಸೀಲುಗಳು ತಲೆಯೆತ್ತಿ ನೋಡಿದವು
(ಹಾಗೆಂದು ಆಲ್ವಿಲ್ಡ ಹೇಳುತ್ತಾಳೆ, ನಾನು ಬಾಲವನ್ನೇ ನೋಡುತ್ತಿದ್ದೆ).
ಆಮೇಲೆ ಮೂಡಣದಿಂದ ಒಂದು ಬೀಸು.
ನೀರಿನ ಕಡೆಗೆ ಹನ್ನೆರಡು ಹೆಜ್ಜೆ,
ಅವಳು ಇಟ್ಟದ್ದಲ್ಲ, ಇಡಿಸಿದ್ದು.
ಬಿಡು! ಎಂದು ಕೂಗಿದೆ. ಬಿಡು!
ಬಿಡಲಿಲ್ಲ. ಬೂಟು ತುಂಬ ನೀರು, ಬೆರಳು ಬೆಳ್ಳಗೆ.
ಹಿಡಿದು ಕೂರಿಸಿ ಕೇಳಿದರೆ
"ಬಿಟ್ಟರೆ ಅದಕ್ಕೆ ಯಾರು?" ಎಂದಳು.

ಆ ರಾತ್ರಿ ನಿದ್ದೆ ಬರಲಿಲ್ಲ.
ನನ್ನ ಹೊಲಿಗೆಯ ಹಾಯಿಯೊಂದು, ಬಹಳ ಹಿಂದೆ,
ಹರಿಯಬೇಕಾದಾಗ ಹರಿಯಲಿಲ್ಲ. ದೋಣಿ ಮಗುಚಿತು.
ಇಬ್ಬರು ಸಿಕ್ಕರು, ಒಬ್ಬ ಸಿಗಲಿಲ್ಲ.
ಹಾಯಿ ದಡಕ್ಕೆ ಬಂತು. ಒಂದು ಎಳೆಯೂ ಬಿಚ್ಚಿಲ್ಲ ನೋಡಿ,
ಎಂಥ ಗಟ್ಟಿ ಕೈ, ಎಂದರು ಬಂದರಿನವರು.
ಮೆಚ್ಚಿಯೇ ಹೇಳಿದ್ದು.

ಮಗು ಬಿಡುವುದಿಲ್ಲ. ಗಾಳಿಗೆ ಹೇಳಿ ಫಲವಿಲ್ಲ.
ಹಾಗಾದರೆ ಬಿಡಬೇಕಾದ್ದು ಬಟ್ಟೆ.
ಹೊಟ್ಟೆಗೊಂದು ಬಾಗಿಲು ಕೊಯ್ದೆ, ಬಾಗಿಲಿಗೆ ಚಿಲಕವಾಗಿ ಒಂದು ನೂಲು,
ನಾಲ್ಕು ಕಿಲೊ ಎಳೆತಕ್ಕೆ ಹರಿಯುವಂಥದ್ದು.
ಜಗ್ಗಾಟ ಮೀರಿದರೆ ನೂಲು ಹೋಗಿ, ಬಾಗಿಲು ತೆರೆದು
ಒಳಗಿನದೆಲ್ಲ ಹೊರಗೆ. ಕೈಯ ದಾರ ಮಾತ್ರ ಕೈಯಲ್ಲೇ.

ಹೇಳುವುದು ಸುಲಭ. ಹತ್ತಿಯ ನೂಲು ಮೂರಕ್ಕೇ ಹೋಯಿತು,
ನೈಲಾನು ಏಳಾದರೂ ಜಪ್ಪಯ್ಯ ಎನ್ನಲಿಲ್ಲ.
ಒದ್ದೆ ನೂಲು ಬೇರೆ, ಒಣ ನೂಲು ಬೇರೆ,
ಉಪ್ಪು ಹಿಡಿದದ್ದರ ಜಾತಿಯೇ ಬೇರೆ.
ತೊಲೆಗೆ ಕಟ್ಟಿ ಚೀಲ ತೂಗುಬಿಟ್ಟೆ,
ಒಂದೊಂದೇ ಆಲೂಗಡ್ಡೆ ಹಾಕುತ್ತಾ ಎಣಿಸಿದೆ.
ಹರಿಯಲಿ, ಹರಿಯಲಿ ಎಂದು
ನನ್ನ ಗಂಟನ್ನೇ ನಾನು ಬೇಡಿಕೊಂಡೆ,
ಜೀವಮಾನದಲ್ಲಿ ಮೊದಲ ಸಲ.
ಹದಿನಾಲ್ಕನೆಯ ದಿನ ಲಿನನ್ ನೂಲು, ಎರಡೆಳೆ:
ಟಪ್. ನೆಲದ ತುಂಬ ಆಲೂಗಡ್ಡೆ.

ಮೊನ್ನೆ ಮತ್ತೆ ಮೂಡಣ ಗಾಳಿ. ನಾನು ಹಿಂದೆಯೇ ನಿಂತಿದ್ದೆ,
ಅವಳ ಕೋಟಿನ ಬೆನ್ನಪಟ್ಟಿ ಹಿಡಿದು.
ಒಂದು ಹೆಜ್ಜೆ ಹೋದಳು, ಎರಡು. ನೂಲು ಹರಿಯಿತು.
ಆಕಾಶದಲ್ಲಿದ್ದ ಸೀಲ್ ಆಕಾಶದಲ್ಲೇ ಬಟ್ಟೆಯಾಗಿ
ಒಗೆದ ಅಂಗಿಯ ಹಾಗೆ ಫಡಫಡ ಎಂದು ಇಳಿಯಿತು.
ಆಲ್ವಿಲ್ಡ ದಾರ ಸುತ್ತುತ್ತಾ ನಡೆದುಹೋಗಿ,
ಮರಳು ಕೊಡವಿ, ಬಾಯೊಳಗೆ ಇಣುಕಿ,
"ಉಸಿರು ಬಿಟ್ಟಿದೆ ಅಷ್ಟೆ," ಎಂದಳು, "ಕಟ್ಟಿಕೊಡು."

ಕಟ್ಟುತ್ತಿದ್ದೇನೆ. ಈ ಸಲ ಕೆಂಪು ನೂಲು,
ಹರಿಯುವುದು ಎಲ್ಲೆಂದು ಕಣ್ಣಿಗೆ ಕಾಣಲಿ.
ಕಣ್ಣು ಎಂದಾಗ ನೆನಪಾಯಿತು,
ಅದನ್ನಿನ್ನೂ ಹೊಲಿದಿಲ್ಲ. ಎರಡಕ್ಕೂ ಸೇರಿ ಒಂದು ಗ್ರಾಮು.